ಎರೆಭೂತದ ಮರಿಯೂ ಹುಲ್ಲುಗಾವಲಿನ ಋಣವೂ



ಈಚೆಗೆ ಬಳ್ಳಾರಿ ಕಡೆಯ ರೈತ ಬಂಧುವೊಬ್ಬರು ಭೇಟಿಗೆ ಬಂದಿದ್ದರು. ಮಳೆ ಬೆಳೆಯ ಮಾತು ಮುಗಿದ ಮೇಲೆ, "ಗುರುಗಳೇ, ಆಕಳಿಗೆ ಮಾಡಿಸಿದಂಗ ಹಕ್ಕಿಗೂ ಕೃತಕ ಗರ್ಭಧಾರಣೆ ಮಾಡ್ಯಾರಂತ, ಖರೇ ಏನ್ರಿ?" ಎಂದು ಕೇಳಿದರು. ಪ್ರಶ್ನೆ ಸಣ್ಣದಾದರೂ ಅದರ ಹಿಂದಿನ ಸಂಗತಿ ಸಣ್ಣದಲ್ಲ. ಅದನ್ನೇ ಈ ತಿಂಗಳ ವಿಚಾರಕ್ಕೆ ಎತ್ತಿಕೊಂಡಿದ್ದೇನೆ.

ಆ ಹಕ್ಕಿ ನಮಗೆ ಪರಕೀಯವಲ್ಲ. ಎರೆಭೂಮಿಯಲ್ಲಿ ಗಂಭೀರವಾಗಿ ನಡೆದಾಡುವ ಎತ್ತರದ ಆ ಪಕ್ಷಿಯನ್ನು ನಮ್ಮ ಹಿರಿಯರು ಎರೆಭೂತವೆಂದು ಕರೆದರು. ದೊರವಾಯನ ಹಕ್ಕಿ ಎಂಬುದೂ ಅದರ ಹೆಸರೇ. ಗಂಡು ಸುಮಾರು ಒಂದು ಮೀಟರ್ ಎತ್ತರ ನಿಲ್ಲುತ್ತದೆ. ಹಾರಬಲ್ಲ ಪಕ್ಷಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರುತ್ತದೆ. ಮಿಡತೆ, ಜೀರುಂಡೆ, ಓತಿಕ್ಯಾತ, ಕಾಳುಕಡಿ ಅದರ ಆಹಾರ. ಹೀಗಾಗಿ ಅದು ಒಕ್ಕಲುತನಕ್ಕೆ ಮಿತ್ರನೇ ಹೊರತು ಶತ್ರುವಲ್ಲ. 1974ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವು ಒಂದು ಕಾಲಕ್ಕೆ ಇದಕ್ಕೂ ನೆಲೆಯಾಗಿತ್ತು. ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿವೆ. ಇಡೀ ದೇಶದಲ್ಲಿಯೇ ಇವುಗಳ ಸಂಖ್ಯೆ 150ನ್ನು ಮೀರದೆಂದು ಅಂದಾಜು. ಹೆಚ್ಚಿನವು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿವೆ.

ಅಳಿವಿಗೆ ಕಾರಣಗಳು ಹಲವು. ಈ ಹಕ್ಕಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುತ್ತದೆ; ಅದನ್ನೂ ಬಯಲು ನೆಲದ ಮೇಲೆಯೇ. ನಾಯಿ ನರಿಗಳಿಂದ ಅದನ್ನು ಕಾಯುವವರಾರು? ಹುಲ್ಲುಗಾವಲುಗಳು ಹೊಲಗಳಾದವು, ನೆಡುತೋಪುಗಳಾದವು. ಅದರ ಕಣ್ಣುಗಳಿಗೆ ಎದುರಿನ ನೋಟ ಮಂದ, ದೇಹವೋ ಭಾರ. ಆದ್ದರಿಂದ ವಿದ್ಯುತ್ ತಂತಿಯನ್ನು ಹತ್ತಿರ ಬರುವವರೆಗೆ ಕಾಣದೆ, ಕಂಡಾಗ ತಿರುಗಲಾರದೆ ಬಡಿದು ಸಾಯುತ್ತದೆ.

ಈ ಸ್ಥಿತಿಯಲ್ಲಿ ಕೇಂದ್ರ ಸರ್ಕಾರ, ರಾಜಸ್ಥಾನದ ಅರಣ್ಯ ಇಲಾಖೆ ಹಾಗೂ ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ ಜೈಸಲ್ಮೇರ್ ಪ್ರಾಂತದಲ್ಲಿ ಸಂವರ್ಧನ ಕಾರ್ಯವನ್ನು ಕೈಗೊಂಡವು. 2019ರಿಂದ ಕಾಡಿನ ಮೊಟ್ಟೆಗಳನ್ನು ತಂದು, ಯಂತ್ರದ ಕಾವಿನಲ್ಲಿ ಮರಿ ಮಾಡಿಸಿ ಸಾಕಿದರು. ಮನುಷ್ಯರ ಕೈಯಲ್ಲಿ ಬೆಳೆದ ಗಂಡೊಂದಕ್ಕೆ ಕೃತಕ ಹೆಣ್ಣುಬೊಂಬೆಯೊಡನೆ ಕೂಡುವ ಅಭ್ಯಾಸ ಮಾಡಿಸಿ ವೀರ್ಯ ಪಡೆದರು. ಈ ವಿದ್ಯೆಯನ್ನು ಅವರು ಕಲಿತದ್ದು ಇದೇ ಕುಲದ ಹೌಬಾರ ಪಕ್ಷಿಯನ್ನು ಬೆಳೆಸಿದ ಅಬುಧಾಬಿಯ ತಜ್ಞರಿಂದ. ರಾಮದೇವರಾದ ಕೇಂದ್ರದಲ್ಲಿದ್ದ ಸುದಾ ಎಂಬ ಗಂಡಿನ ವೀರ್ಯವನ್ನು ಸುದಾಸರಿಯ ಕೇಂದ್ರಕ್ಕೆ ಒಯ್ದು, 2024ರ ಸೆಪ್ಟೆಂಬರ್ 20ರಂದು ಟೋನಿ ಎಂಬ ಹೆಣ್ಣಿಗೆ ಸೇರಿಸಿದರು. 24ರಂದು ಅದು ಮೊಟ್ಟೆಯಿಟ್ಟಿತು. ಅಕ್ಟೋಬರ್ 16ರಂದು ಮರಿ ಹೊರಬಂದಿತು. ಆ ರೈತ ಬಂಧು ಕೇಳಿದ್ದು ಖರೆಯೇ.

ಆಕಳಿಗೂ ಹಕ್ಕಿಗೂ ಒಂದು ಅಂತರವಿದೆ. ಆಕಳ ಭ್ರೂಣವನ್ನು ದ್ರವ ಸಾರಜನಕದ ಕಡುಶೀತದಲ್ಲಿ ವರ್ಷಗಟ್ಟಲೆ ಕಾದಿರಿಸಬಹುದು. ಹಕ್ಕಿಯ ಮೊಟ್ಟೆಯಲ್ಲಿ ಹಳದಿ ಲೋಳೆ ಅಪಾರವಾಗಿರುವುದರಿಂದ ಅದನ್ನು ಹಾಗೆ ಹೆಪ್ಪುಗಟ್ಟಿಸಿ ಉಳಿಸಲಾಗದು. ಆದುದರಿಂದ ಹೆಣ್ಣುಹಕ್ಕಿ ಬದುಕಿರುವಾಗಲೇ ಕಾರ್ಯ ಸಾಗಬೇಕು, ತಡಮಾಡಲು ಆಸ್ಪದವಿಲ್ಲ.

ತಡವಾದರೆ ಏನಾದೀತೆಂಬುದಕ್ಕೆ ಆಫ್ರಿಕದ ಉತ್ತರದ ಬಿಳಿ ಖಡ್ಗಮೃಗವೇ ಸಾಕ್ಷಿ. 2018ರ ಮಾರ್ಚ್ 19ರಂದು ಸುಡಾನ್ ಎಂಬ ಕಡೆಯ ಗಂಡು ಕೀನ್ಯಾದಲ್ಲಿ ತೀರಿಕೊಂಡಾಗ ಉಳಿದದ್ದು ಎರಡೇ ಹೆಣ್ಣು, ಅವೂ ತಾಯಿ ಮಗಳು. ಎರಡೂ ಗರ್ಭ ಹೊರಲು ಶಕ್ತವಾಗಿರಲಿಲ್ಲ. ಮಗಳ ಅಂಡಾಣುವನ್ನು ಹಿಂದೆ ಕಾದಿಟ್ಟಿದ್ದ ವೀರ್ಯದೊಡನೆ ಪ್ರಯೋಗಾಲಯದಲ್ಲಿ ಕೂಡಿಸಿ ಭ್ರೂಣಗಳನ್ನು ಮಾಡಿದರು. ಅವನ್ನು ಹೊರಬೇಕಾದದ್ದು ದಕ್ಷಿಣದ ಬಿಳಿ ಖಡ್ಗಮೃಗದ ಒಡಲು. ಅಷ್ಟೊಂದು ಸಾಧನವಿದ್ದೂ ಹಾದಿ ಎಷ್ಟು ದುರ್ಗಮವೆಂಬುದನ್ನು ವಿಜ್ಞಾನಿಗಳೇ ಬಲ್ಲರು.

ವಿಜ್ಞಾನದ ಈ ಸಾಧನೆಯನ್ನು ಮನಸಾರೆ ಮೆಚ್ಚೋಣ. ಆದರೆ ಒಂದು ಮಾತನ್ನು ಮರೆಯಲಾಗದು. ಪ್ರಯೋಗಾಲಯವು ಮರಿಯನ್ನು ಕೊಡಬಲ್ಲದು, ಬಯಲನ್ನು ಕೊಡಲಾರದು. ತೊಟ್ಟಿಲು ತೂಗಿದ ಮೇಲೆ ಮಗುವಿಗೆ ಮನೆ ಬೇಡವೇ? ಪಂಜರದಲ್ಲಿ ಬೆಳೆದ ಹಕ್ಕಿ ನಾಳೆ ಹೊರಬಂದಾಗ ಇಳಿಯಲು ಹುಲ್ಲುನೆಲವಿಲ್ಲದಿದ್ದರೆ, ತಂತಿಗಳ ಬಲೆಯೇ ಎದುರಾದರೆ ಅಷ್ಟು ಶ್ರಮ ವ್ಯರ್ಥ.

ನಮ್ಮ ಊರುಗಳ ಗೋಮಾಳವನ್ನು ನಾವು ಪಾಳುಭೂಮಿಯೆಂದು ಕರೆಯುತ್ತೇವೆ. ಆದರೆ ಅದು ಪಾಳಲ್ಲ. ದನಕ್ಕೆ ಮೇವು, ಹಕ್ಕಿಗೆ ಬಾಣಂತಿಕೋಣೆ. ಅದನ್ನು ಒತ್ತುವರಿಯಿಂದ ಕಾಯುವುದು, ಮೊಟ್ಟೆಯಿಡುವ ಕಾಲದಲ್ಲಿ ನಾಯಿಗಳನ್ನು ಬಯಲಿಗೆ ಬಿಡದಿರುವುದು, ಬೆಳೆಗೆ ವಿಷವನ್ನು ಮಿತಿಮೀರಿ ಸುರಿಯದಿರುವುದು ನಮ್ಮ ಕೈಲಾಗುವ ಕೆಲಸಗಳೇ. ಇವಕ್ಕೆ ಪ್ರಯೋಗಾಲಯ ಬೇಕಿಲ್ಲ.

ಮಾತು ಮುಗಿದಾಗ ಆ ರೈತ ಬಂಧು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹೊಲದ ಬದಿಯ ಹುಲ್ಲನ್ನು ಈ ವರ್ಷ ಸುಡೂದಿಲ್ರಿ" ಎಂದರು. ಅಷ್ಟು ಸಾಕು. ಎರೆಭೂತದ ಹೆಸರು ಮೊಮ್ಮಕ್ಕಳ ಬಾಯಲ್ಲಿ ಬರಿಯ ಹೆಸರಾಗಿ ಉಳಿಯದಿರಲಿ. ಅವರು ಅದನ್ನು ಎರೆಹೊಲದಲ್ಲಿಯೇ ಕಾಣುವಂತಾಗಲಿ.