ಯಾವ ಕೆಲಸದ ಮೇಲೆ ಹೊರಟಿರಿ?

1996ರ ಆಗಸ್ಟ್ ತಿಂಗಳು. ನಾನು ಕೂತಿದ್ದ ಬಸ್ಸು ತರೀಕೆರೆ ದಾಟಿ ಸ್ವಲ್ಪ ದೂರ ಬಂದಿತ್ತೋ ಇಲ್ಲವೋ, ಕೆಮ್ಮಿ ಕೆಮ್ಮಿ ರಸ್ತೆಯ ಬದಿಗೆ ನಿಂತೇಬಿಟ್ಟಿತು. ಜಿಟಿಜಿಟಿ ಮಳೆ. ಹಿಂದಿನಿಂದ ಬಂದ ಬಸ್ಸಿಗೆ ಕಂಡಕ್ಟರ್ ಒಂದಷ್ಟು ಜನರನ್ನು ತುರುಕಿ ಕಳಿಸಿದ. ಉಳಿದ ಗಂಡಸರು ಲಾರಿ, ಟೆಂಪೋಗಳಿಗೆ ಕೈ ಅಡ್ಡ ಹಿಡಿದು ಒಬ್ಬೊಬ್ಬರಾಗಿ ಹತ್ತಿ ಹೋದರು. ಕತ್ತಲಾಗುವುದಕ್ಕೆ ಇನ್ನೂ ಹೊತ್ತಿತ್ತು. ನಾನೂ ಕೈ ಅಡ್ಡ ಹಿಡಿದೆ.

ನಿಂತದ್ದು ತಿಪಟೂರಿನ ಕಡೆಯಿಂದ ಕೊಬ್ಬರಿ ಮೂಟೆ ಹೇರಿಕೊಂಡು ಸಾಗರದ ಅಂಗಡಿಗಳಿಗೆ ಹೊರಟಿದ್ದ ಲಾರಿ. ಐವತ್ತರ ಹತ್ತಿರದ ಡ್ರೈವರ್, ಮೀಸೆ ಮೂಡದ ಕ್ಲೀನರ್ ಹುಡುಗ. ಹುಡುಗನನ್ನು ನಡುವೆ ಸರಿಸಿ ನನಗೆ ಬಾಗಿಲ ಪಕ್ಕ ಜಾಗ ಕೊಟ್ಟರು. ಶಿವಮೊಗ್ಗದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬಹುದಿತ್ತು, ನಿಜ. ಆದರೆ ಖಾಸಗಿ ಶಾಲೆಯ ಟೀಚರಮ್ಮನ ಪರ್ಸಿನಲ್ಲಿ ಇದ್ದದ್ದೇ 140 ರೂಪಾಯಿ. ಅದರಲ್ಲಿ ಹೋಗಬೇಕು, ತಿನ್ನಬೇಕು, ತಂಗಬೇಕು, ಮರಳಬೇಕು.

ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಕೇಳಿದರು: "ಯಾವ ಕೆಲಸದ ಮೇಲೆ ಹೊಂಟಿದೀರಕ್ಕಾ?"

ನನಗೆ ಯಾವ ಕೆಲಸವೂ ಇರಲಿಲ್ಲ. ಮಳೆಗಾಲದ ಜೋಗ ನೋಡಬೇಕೆಂದು ಹೊರಟಿದ್ದೆ, ಅಷ್ಟೇ. ಆದರೆ ಬಾಯಿಂದ ಬಂದದ್ದು ಬೇರೆ. "ಸಾಗರದಲ್ಲಿ ನನ್ನ ತಂಗಿಗೆ ಹೆರಿಗೆಯಾಗಿದೆ. ಹೆಣ್ಣು ಮಗು."

ನನಗೆ ತಂಗಿಯೇ ಇಲ್ಲ.

ಆ ಮನುಷ್ಯನ ಮುಖ ಅರಳಿತು. ತನ್ನ ಮಗಳ ಬಾಣಂತನದ ಕಥೆಯನ್ನು ಆಯನೂರಿನವರೆಗೂ ಹೇಳಿದರು. ಆನಂದಪುರದಲ್ಲಿ ಲಾರಿ ನಿಲ್ಲಿಸಿ ಚಹಾ ಕೊಡಿಸಿದರು. ರಾತ್ರಿ ಸಾಗರದ ಬಸ್‌ಸ್ಟ್ಯಾಂಡಿನ ಎದುರು ಇಳಿಸಿ, ನಾನು ಚಾಚಿದ ದುಡ್ಡನ್ನು ಮುಟ್ಟದೆ, ಕ್ಲೀನರ್ ಹುಡುಗನ ಕೈಯಿಂದ ಎರಡು ಗಿಟುಕು ಕೊಬ್ಬರಿ ತೆಗೆಸಿ ನನ್ನ ಕೈಗಿಟ್ಟರು. "ಬಾಣಂತಿಗೆ ಒಳ್ಳೇದು. ತಗೊಂಡೋಗಿ ಕೊಡಿ."

ಆ ಕೊಬ್ಬರಿಯ ಭಾರವನ್ನು ನಾನು ಮೂವತ್ತು ವರ್ಷದಿಂದ ಹೊತ್ತಿದ್ದೇನೆ. ಈ ಬರಹವೂ ಅದರದೇ.

ನಮ್ಮ ಭಾಷೆಯಲ್ಲಿ ಎರಡು ಗಾದೆಗಳಿವೆ. ಒಂದು, "ದೇಶ ಸುತ್ತಬೇಕು, ಕೋಶ ಓದಬೇಕು." ಇನ್ನೊಂದು, "ತಿರುಗಿ ಹೆಣ್ಣು ಕೆಟ್ಟಳು, ಕೂತು ಗಂಡು ಕೆಟ್ಟ." ಎರಡನ್ನೂ ಅದೇ ಹಿರಿಯರು, ಅದೇ ಜಗಲಿಯ ಮೇಲೆ, ಅದೇ ಎಲೆಯಡಿಕೆ ಜಗಿಯುತ್ತ ಹೇಳಿದರು. ಮೊದಲನೆಯದು ಮಗನಿಗೆ, ಎರಡನೆಯದು ಮಗಳಿಗೆ. ದೇಶ ಒಂದೇ, ರಸ್ತೆಯೂ ಒಂದೇ. ಸುತ್ತಿದವನು ಲೋಕ ಕಂಡವನು, ಸುತ್ತಿದವಳು ಕೆಟ್ಟವಳು!

ಹಾಗಂತ ಹೆಂಗಸರು ಮನೆ ಬಿಟ್ಟು ಹೊರಗೆ ಹೋಗುವುದೇ ಇಲ್ಲವೇ? ಹೋಗುತ್ತೇವೆ. ಮದುವೆಗೆ, ಮುಂಜಿಗೆ, ಹೆರಿಗೆಗೆ, ಸಾವಿಗೆ, ಹರಕೆಗೆ, ಆಸ್ಪತ್ರೆಗೆ, ಆಫೀಸಿಗೆ. ಹೋಗುವುದಕ್ಕೆ ಅಡ್ಡಿಯಿಲ್ಲ, ಸುಮ್ಮನೆ ಹೋಗುವುದಕ್ಕೆ ಅಡ್ಡಿ. ಟಿಕೆಟ್ಟಿನ ಜೊತೆಗೆ ಒಂದು ಕಾರಣವನ್ನೂ ನಾವು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿರಬೇಕು. ಯಾರು ಕೇಳಿದರೂ ಬಿಚ್ಚಿ ತೋರಿಸಬೇಕು. ಗಂಡ ಸ್ನೇಹಿತರ ಜೊತೆ ಬೈಕ್ ಹತ್ತಿ ಮೂರು ದಿನ ಘಟ್ಟ ಸುತ್ತಿ ಬಂದು "ಸುಮ್ನೆ ಹೋಗಿದ್ವಿ" ಎಂದರೆ ಮುಗಿಯಿತು, ಬಿಸಿನೀರು ಕಾಯಿಸುತ್ತೇವೆ. ನಾವು "ಸುಮ್ನೆ ಹೋಗಿದ್ದೆ" ಎಂದರೆ? ಆ ಮಾತಿಗೆ ನಮ್ಮ ಮನೆಗಳಲ್ಲಿ ಅರ್ಥವೇ ಇಲ್ಲ. ಅರ್ಥ ಇದ್ದರೆ ಅದು ಕೆಟ್ಟ ಅರ್ಥ.

ನಾನು ಅಂದು ಸುಳ್ಳು ಹೇಳಿದ್ದು ಅದಕ್ಕೇ. ಕೆಲಸವಿಲ್ಲದೆ ತಿರುಗುವ ಹೆಂಗಸು ಎಂದರೆ ಯಾರು ಬೇಕಾದರೂ ಮಾತಾಡಿಸಬಹುದಾದ, ಮುಟ್ಟಬಹುದಾದ ಹೆಂಗಸು ಎಂದು ಲೋಕ ತಿಳಿದಿದೆ ಎಂಬುದು ನನಗೆ ಗೊತ್ತಿತ್ತು. ಯಾರೂ ಪಾಠ ಹೇಳಿಕೊಡದೆ ನಾವೆಲ್ಲ ಕಲಿತ ಪಾಠ ಅದು. ಬಾಣಂತಿಯ ಅಕ್ಕನಿಗೆ ಆ ಡ್ರೈವರ್ ಬಾಗಿಲ ಪಕ್ಕ ಜಾಗ ಕೊಟ್ಟರು, ಚಹಾ ಕೊಟ್ಟರು, ಕೊಬ್ಬರಿ ಕೊಟ್ಟರು. ಜೋಗ ನೋಡಲು ಹೊರಟವಳಿಗೂ ಅಷ್ಟೇ ಕೊಡುತ್ತಿದ್ದರೇ? ಕೊಡುತ್ತಿದ್ದರೇನೋ. ಬಾಗಿಲ ಪಕ್ಕದ ಜಾಗವನ್ನು ಕೊಟ್ಟದ್ದು ನನ್ನ ಸುಳ್ಳು ಕೇಳುವ ಮೊದಲೇ ಅಲ್ಲವೇ? ಅವರಿಗೆ ಒಳ್ಳೆಯವರೆನಿಸಿಕೊಳ್ಳುವ ಅವಕಾಶವನ್ನೇ ನಾನು ಕೊಡಲಿಲ್ಲ. ಇದು ನನ್ನ ನಾಚಿಕೆ. ಆದರೆ ಆ ಸುಳ್ಳನ್ನು ನನ್ನ ಬಾಯಿಗೆ ಇಟ್ಟವರಿಗೂ ಒಂದಿಷ್ಟು ನಾಚಿಕೆ ಇರಲಿ.

ಆ ರಾತ್ರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿಗೆ ಹೋದೆ. ಗಲ್ಲಾದಲ್ಲಿದ್ದವನು ನನ್ನ ಬೆನ್ನ ಹಿಂದೆ ಇಣುಕಿ ನೋಡಿದ. "ಜೊತೇಲಿ ಯಾರೂ ಇಲ್ವಾ? ಒಬ್ಬರೇ ಹೆಂಗಸರಿಗೆ ರೂಮು ಕೊಡಲ್ಲ." ಅದೇ ಮೆಟ್ಟಿಲ ಮೇಲೆ, ನೆಟ್ಟಗೆ ನಿಲ್ಲಲೂ ಆಗದಷ್ಟು ಕುಡಿದಿದ್ದ ಗಂಡಸೊಬ್ಬನಿಗೆ ಬೀಗದ ಕೈ ಕೊಟ್ಟರು. ಮರ್ಯಾದಸ್ಥರ ಲಾಡ್ಜು ನೋಡಿ! ನಾನು ಬಸ್‌ಸ್ಟ್ಯಾಂಡಿಗೆ ಮರಳಿ, ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತಿದ್ದ ಹೂವಿನ ಹೆಂಗಸರ ಪಕ್ಕ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಒರಗಿದೆ. ಅವರು ಮಾತ್ರ ಯಾವ ಕೆಲಸ ಎಂದು ಕೇಳಲಿಲ್ಲ. "ಛಳಿ ಅದೆ, ಇದನ್ನ ಹೊದ್ಕಳಿ" ಎಂದು ಗೋಣಿ ಕೊಟ್ಟರು.

ಈಗ ಇತಿಹಾಸಕ್ಕೆ ಬನ್ನಿ. ಕೈಯಲ್ಲಿ ಕಾಸಿಲ್ಲದೆ, ಕಂಡವರ ಮನೆಯಲ್ಲಿ ಉಂಡು, ಯಾರೋ ಕೊಡಿಸಿದ ಟಿಕೆಟ್ಟಿನಲ್ಲಿ ರೈಲು ಹತ್ತಿ ದೇಶ ಸುತ್ತಿದ ಗಂಡಸಿಗೆ ನಾವು ಪರಿವ್ರಾಜಕ ಎನ್ನುತ್ತೇವೆ. ಸ್ವಾಮಿ ವಿವೇಕಾನಂದರು 1892ರಲ್ಲಿ ಬೆಳಗಾವಿಗೆ ಬಂದದ್ದು ಹಾಗೆಯೇ. ಅವರ ಮೇಲೆ ನನಗಿರುವುದು ಗೌರವವೇ. ಆದರೆ ಅದೇ ರೀತಿ ಹೊರಟ ಹೆಂಗಸಿಗೆ ನಮ್ಮಲ್ಲಿ ಯಾವ ಹೆಸರಿದೆ? ಇರುವ ಹೆಸರುಗಳನ್ನು ಇಲ್ಲಿ ಬರೆಯಲಾಗದು.

ಎಂಟುನೂರು ವರ್ಷಕ್ಕೂ ಹಿಂದೆ ಅಕ್ಕಮಹಾದೇವಿ ಉಡುತಡಿ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದಳು. ಹಸಿವಾದರೆ ಭಿಕ್ಷೆ, ನಿದ್ದೆಗೆ ಹಾಳು ದೇಗುಲ. ಇದಕ್ಕಿಂತ ಕಡಿಮೆ ಖರ್ಚಿನ ಪ್ರವಾಸಿ ಕನ್ನಡ ನಾಡಿನಲ್ಲಿ ಹುಟ್ಟಿಲ್ಲ. ಅವಳ ಹೆಸರಿನಲ್ಲಿ ನಮ್ಮ ಊರೂರಲ್ಲಿ ಮಹಿಳಾ ಸಮಾಜಗಳಿವೆ. ಅಲ್ಲಿ ಅವಳ ಪಟಕ್ಕೆ ಹಾರ ಹಾಕಿ ಮನೆಗೆ ಬಂದು, ಹಂಪಿಗೆ ಒಬ್ಬಳೇ ಹೋಗುತ್ತೇನೆ ಎಂದ ಮಗಳಿಗೆ "ತಲೆ ಕೆಟ್ಟಿದೆಯಾ?" ಎಂದು ಬೈಯುವವರು ನಾವೇ ತಾನೇ?

ಹಿಂದಿಯ ಲೇಖಕ ರಾಹುಲ ಸಾಂಕೃತ್ಯಾಯನರು 'ಘುಮಕ್ಕಡ್ ಶಾಸ್ತ್ರ' ಎಂದು ಅಲೆಮಾರಿತನಕ್ಕೇ ಒಂದು ಪುಸ್ತಕ ಬರೆದರು. ಅದರಲ್ಲಿ ಅಲೆಯುವ ಹೆಂಗಸರಿಗಾಗಿಯೇ ಒಂದು ಅಧ್ಯಾಯವಿದೆ. ನಮ್ಮ ನೇಮಿಚಂದ್ರ ದೂರದ ಪೆರುವಿಗೆ ಹೋಗಿಬಂದು 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದರು. ಓದಿ ಮೆಚ್ಚಿದೆವು, ಪಕ್ಕದ ಮನೆಯವರಿಗೂ ಓದಲು ಕೊಟ್ಟೆವು. ಆದರೆ ಪುಸ್ತಕ ಮುಚ್ಚಿಟ್ಟು ಪಕ್ಕದ ತಾಲೂಕಿಗಾದರೂ ಹೋದೆವೇ?

"ಅಪಾಯ ಅಲ್ಲವೇ?" ಎನ್ನುತ್ತೀರಿ. ಅಪಾಯ ಇದೆ. ಇಲ್ಲವೆಂದು ಹೇಳಿ ನಿಮ್ಮನ್ನು ಮೋಸ ಮಾಡಲಾರೆ. 2008ರಲ್ಲಿ ಇಟಲಿಯ ಕಲಾವಿದೆ ಪಿಪ್ಪಾ ಬಾಕಾ, ಬಿಳಿಯ ಮದುವೆಯ ಉಡುಪು ತೊಟ್ಟು, ದಾರಿಯಲ್ಲಿ ಸಿಕ್ಕವರ ವಾಹನಗಳಲ್ಲಿ ಲಿಫ್ಟ್ ಕೇಳುತ್ತ ಮಿಲಾನಿನಿಂದ ಜೆರುಸಲೆಮ್ಮಿಗೆ ಹೊರಟಳು. ಮನುಷ್ಯರನ್ನು ನಂಬಬಹುದು ಎಂದು ತೋರಿಸುವುದೇ ಅವಳ ಉದ್ದೇಶವಾಗಿತ್ತು. ಟರ್ಕಿಯಲ್ಲಿ ಲಿಫ್ಟ್ ಕೊಟ್ಟವನೊಬ್ಬ ಅವಳನ್ನು ಅತ್ಯಾಚಾರ ಮಾಡಿ ಕೊಂದ. ಆ ಸುದ್ದಿಯನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವಳಿಗೂ ನನಗೂ ಇದ್ದ ವ್ಯತ್ಯಾಸ ಜಾಣ್ಮೆಯದಲ್ಲ. ನನ್ನ ಮುಂದೆ ನಿಂತ ಲಾರಿ ಬೇರೆ, ಅವಳ ಮುಂದೆ ನಿಂತ ಗಾಡಿ ಬೇರೆ, ಅಷ್ಟೇ.

ಆದರೆ ಇನ್ನೊಂದನ್ನೂ ನೆನೆಯಿರಿ. 2012ರ ಡಿಸೆಂಬರಿನಲ್ಲಿ ದೆಹಲಿಯ ಆ ಹುಡುಗಿ ಲಿಫ್ಟ್ ಕೇಳಿರಲಿಲ್ಲ, ದುಡ್ಡು ಕೊಟ್ಟು ಬಸ್ಸು ಹತ್ತಿದ್ದಳು. ಒಬ್ಬಳೇ ಇರಲಿಲ್ಲ, ಸ್ನೇಹಿತ ಜೊತೆಗಿದ್ದ. ನಾವು ಹೆಣ್ಣುಮಕ್ಕಳಿಗೆ ಹೇಳುವ ಬುದ್ಧಿಮಾತು ಅವಳನ್ನು ಕಾಯಲಿಲ್ಲ. ಇನ್ನು ಮನೆ? ದೇಶದ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳನ್ನು ನೋಡಿ. ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಗೆಳೆಯ. ಅಪರಿಚಿತರಿಗೆ ಹೆದರಿಸಿ ನಮ್ಮನ್ನು ಪರಿಚಿತರ ನಡುವೆ ಕೂರಿಸಿದ್ದಾರೆ. ಸಂಸಾರದೊಳಗೆ ಕೆಟ್ಟದ್ದಾಯಿತೆಂದು "ಇನ್ನು ಮುಂದೆ ಯಾರೂ ಮದುವೆಯಾಗಬೇಡಿ" ಎಂದು ಯಾರೂ ಹೇಳುವುದಿಲ್ಲ. ರಸ್ತೆಯಲ್ಲಿ ಕೆಟ್ಟದ್ದಾದರೆ ಮಾತ್ರ "ಇನ್ನು ರಸ್ತೆಗೆ ಇಳಿಯಬೇಡಿ" ಎನ್ನುತ್ತಾರೆ. ಯಾಕೆ?

ನಿಜವಾಗಿ ನಮ್ಮ ಕ್ಷೇಮದ ಚಿಂತೆಯೇ ಆಗಿದ್ದರೆ ಬೆಳಿಗ್ಗೆ ಏಳು ಗಂಟೆಗೆ ಯಾವುದಾದರೂ ಊರಿನ ವೃತ್ತದಲ್ಲಿ ನಿಂತು ನೋಡಿ. ಗೂಡ್ಸ್ ಗಾಡಿಯ ಹಿಂದೆ, ಕುರಿಗಳ ಹಾಗೆ, ಕೂಲಿಗೆ ಹೊರಟ ಹೆಂಗಸರು ನಿಂತಿರುತ್ತಾರೆ. ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸಬಾರದೆಂಬ ಕಾನೂನಿದೆ. ಗಾಡಿ ಮಗುಚಿ ಸತ್ತ ಸುದ್ದಿಯನ್ನು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಅವರನ್ನು ಕಂಡು "ಅಯ್ಯೋ, ಹೆಣ್ಣುಮಕ್ಕಳು ಹೀಗೆ ಕಂಡ ಗಾಡಿ ಹತ್ತಬಹುದೇ" ಎಂದು ಯಾರಾದರೂ ಹೌಹಾರುತ್ತಾರೆಯೇ? ಇಲ್ಲ. ಯಾಕೆಂದರೆ ಅವರಿಗೆ ಕಾರಣವಿದೆ. ಅವರು ಹೋಗದಿದ್ದರೆ ನಮ್ಮ ತೋಟದ ಕೆಲಸ ನಿಲ್ಲುತ್ತದೆ. ಅಂದರೆ ಹೆಣ್ಣು ಅಪಾಯಕ್ಕೆ ಒಡ್ಡಿಕೊಳ್ಳುವುದಕ್ಕೆ ಈ ಸಮಾಜದ ಅಡ್ಡಿಯಿಲ್ಲ. ಅವಳು ಖುಷಿಗಾಗಿ ಹೊರಡುವುದಕ್ಕೆ ಅಡ್ಡಿ.

ನಂಬಿಕೆಯಿಲ್ಲದಿದ್ದರೆ 2023ನ್ನು ನೆನಪಿಸಿಕೊಳ್ಳಿ. ಆ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್. ವಾರದೊಳಗೆ ಧರ್ಮಸ್ಥಳ, ಸುಬ್ರಹ್ಮಣ್ಯದ ಬಸ್ಸುಗಳು ತುಂಬಿ ತುಳುಕಿದವು. ಆಗ ಹುಟ್ಟಿದ ನಗೆಚಟಾಕಿಗಳನ್ನು ನೀವೂ ಕೇಳಿದ್ದೀರಿ: "ಅಡುಗೆ ಮನೆಗೆ ಬೀಗ," "ಗಂಡನಿಗೆ ಗಂಜಿ, ಹೆಂಡತಿಗೆ ಬಸ್ಸು." ದುಡಿಯಲು ಹೋಗುವವಳಿಗೆ ಬಿಟ್ಟಿ ಬಸ್ಸು ಕೊಡಲಿ, ತಿರುಗುವವಳಿಗೆ ಯಾಕೆ ಎಂದು ವಾದಿಸಿದರು. ಸರ್ಕಾರದ ಲೆಕ್ಕಾಚಾರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ, ಅದು ನಡೆಯಲಿ. ಆದರೆ ನಕ್ಕವರು ನಕ್ಕದ್ದು ಬೊಕ್ಕಸದ ಚಿಂತೆಯಿಂದಲ್ಲ. ಅರವತ್ತು ವರ್ಷದ ಮುದುಕಿಯೊಬ್ಬಳು ಮೊಟ್ಟಮೊದಲ ಬಾರಿಗೆ ಯಾರ ಮುಂದೂ ಕೈ ಚಾಚದೆ ಕಿಟಕಿಯ ಪಕ್ಕ ಕೂತು ಘಟ್ಟ ಇಳಿದಳಲ್ಲ, ಅದು ಅವರಿಗೆ ತಡೆಯಲಾಗಲಿಲ್ಲ.

ಆ ಬಸ್ಸುಗಳಲ್ಲಿ ಹೋದ ಹೆಚ್ಚಿನವರು ದೇವಸ್ಥಾನಗಳಿಗೇ ಹೋದರು ಎಂಬುದನ್ನೂ ಗಮನಿಸಿ. ಭಕ್ತಿ ಇತ್ತು, ಒಪ್ಪೋಣ. ಜೊತೆಗೆ ದೇವರು ಒಳ್ಳೆಯ ಕಾರಣ. ದೇವರ ಹೆಸರು ಹೇಳಿದರೆ ಅತ್ತೆಯೂ ಅಡ್ಡ ಬರುವುದಿಲ್ಲ. ಹೋದಲ್ಲಿ ಅನ್ನದಾನದ ಊಟವಿದೆ, ಅಂಗಳದಲ್ಲಿ ಚಾಪೆ ಹಾಸಿ ಮಲಗಿದರೆ ಬೈಯುವವರಿಲ್ಲ. ಬಡ ಹೆಂಗಸಿಗೆ ಪ್ರವಾಸವನ್ನು ಸಾಧ್ಯ ಮಾಡಿದ್ದು ಎಷ್ಟೋ ಕಾಲದಿಂದ ಈ ಛತ್ರ, ಈ ಪಂಕ್ತಿಗಳೇ. ಅದಕ್ಕೆ ನಾನು ಋಣಿ. ಆದರೆ ದೇವರನ್ನು ನೆಪ ಮಾಡಿಕೊಳ್ಳದೆಯೂ ಒಂದು ಹೊಳೆಯನ್ನು, ಒಂದು ಬೆಟ್ಟವನ್ನು ನೋಡಿ ಬರುವ ಹಕ್ಕು ನಮಗೆ ಬೇಡವೇ?

ಹಾಗಾದರೆ ಏನು ಬೇಕು? ಬುದ್ಧಿಮಾತು ಬೇಡ. ಹೆದ್ದಾರಿಯಲ್ಲಿ ಬೀಗ ಹಾಕದ ಶೌಚಾಲಯ ಬೇಕು. ನೀರು ಕುಡಿದರೆ ಎಲ್ಲಿ ಹೋಗಬೇಕೋ ಎಂದು ಬಾಯಾರಿಕೊಂಡೇ ಹತ್ತು ಗಂಟೆ ಪಯಣಿಸುವ ಕಷ್ಟ ಗಂಡಸರಿಗೆ ತಿಳಿಯದು. ಹಳ್ಳಿಗೆ ಕತ್ತಲಾದ ಮೇಲೂ ಒಂದು ಬಸ್ಸು ಬೇಕು. ಆ ಬಸ್ಸು ಇದ್ದಲ್ಲಿ ಯಾರ ಬೈಕಿಗೂ ಕೈ ಅಡ್ಡ ಹಿಡಿಯಬೇಕಾಗಿಲ್ಲ. ಬೆನ್ನ ಹಿಂದೆ ಇಣುಕಿ ನೋಡದೆ ಬೀಗದ ಕೈ ಕೊಡುವ ಲಾಡ್ಜು ಬೇಕು.

ಅಲ್ಲಿಯವರೆಗೆ ಮನೆಯಲ್ಲೇ ಕೂತಿರಬೇಕಿಲ್ಲ. ಅವಲಕ್ಕಿ ಕಟ್ಟಿಕೊಳ್ಳಿ, ನೀರಿನ ಬಾಟಲಿ ತುಂಬಿಕೊಳ್ಳಿ, ಹೊರುವಷ್ಟೇ ಸಾಮಾನು ಒಯ್ಯಿರಿ. ಲಿಫ್ಟ್ ಕೇಳಲೇಬೇಕಾಗಿ ಬಂದರೆ ಹಗಲಿನಲ್ಲಿ ಕೇಳಿ, ಹೆಂಗಸರು ಮಕ್ಕಳಿರುವ ಗಾಡಿಗೆ ಕೇಳಿ. ಗಾಡಿಯ ನಂಬರನ್ನು ಡ್ರೈವರಿಗೆ ಕೇಳಿಸುವಂತೆಯೇ ಫೋನಿನಲ್ಲಿ ಮನೆಯವರಿಗೆ ಹೇಳಿ. 112 ನೆನಪಿರಲಿ. ಮನಸ್ಸು ಬೇಡವೆಂದರೆ ಹತ್ತಬೇಡಿ, ದಾಕ್ಷಿಣ್ಯ ಬೇಡ. ಒಬ್ಬಳೇ ಹೋಗಲು ಹೆದರಿಕೆಯಾದರೆ ಇಬ್ಬರು ಹೋಗಿ. ಇದನ್ನೆಲ್ಲ ಮಾಡಿಯೂ ಕೆಟ್ಟದ್ದಾದರೆ ಅದು ಕೆಟ್ಟದ್ದು ಮಾಡಿದವನ ತಪ್ಪು, ಹೊರಟವಳದ್ದಲ್ಲ. ಇಷ್ಟನ್ನು ನಮ್ಮ ನಮ್ಮ ಮನೆಯ ಹುಡುಗಿಯರಿಗೆ ಅವರು ಹೊರಡುವ ಮೊದಲೇ ಹೇಳಿಟ್ಟರೆ, ಏನಾದರೂ ಆದಾಗ ಅವರು ನಮ್ಮಿಂದ ಮುಚ್ಚಿಡುವುದಿಲ್ಲ.

ಅಂದು ಬೆಳಿಗ್ಗೆ ಮೊದಲ ಬಸ್ಸಿಗೆ ಜೋಗಕ್ಕೆ ಹೋದೆ. ಮಂಜೋ ಮಂಜು. ಬರೀ ಸದ್ದು. ಒಂದು ಗಂಟೆ ಕಾದ ಮೇಲೆ ಗಾಳಿ ಬೀಸಿ ಪರದೆ ಸರಿದಂತಾಗಿ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಒಟ್ಟಿಗೆ ಕಂಡವು. ಎಂಟುನೂರು ಅಡಿಗೂ ಹೆಚ್ಚು ಆಳಕ್ಕೆ ನೀರು ಬೀಳುತ್ತಿತ್ತು. ಯಾವ ಕೆಲಸದ ಮೇಲೂ ಅಲ್ಲ. ಬ್ಯಾಗಿನಲ್ಲಿ ಕೊಬ್ಬರಿ ಇತ್ತು. ಒಂದು ಗಿಟುಕನ್ನು ಅಲ್ಲಿಯೇ ಒಡೆದು ಅವಲಕ್ಕಿಯ ಜೊತೆ ತಿಂದೆ. ಇನ್ನೊಂದನ್ನು ಊರಿಗೆ ತಂದು, ಪಕ್ಕದ ಬೀದಿಯ ಬಾಣಂತಿಯೊಬ್ಬಳಿಗೆ ಕೊಟ್ಟುಬಂದೆ.

ಕಳೆದ ಮಳೆಗಾಲದಲ್ಲಿ ಮತ್ತೆ ಹೋದೆ, ಶೂನ್ಯ ಟಿಕೆಟ್ಟಿನಲ್ಲಿ. ಪಕ್ಕದಲ್ಲಿ ಕೂತಿದ್ದಾಕೆ ಕೇಳಿದರು: "ಯಾವ ಕೆಲಸದ ಮೇಲೆ ಹೊರಟಿರಿ?"

"ಯಾವ ಕೆಲಸವೂ ಇಲ್ಲ. ಜೋಗ ನೋಡೋಕೆ."

ಆಕೆ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ನಾನೂ ಅಷ್ಟೇ. ಮನೇಲಿ ಸಿಗಂದೂರು ಅಂತ ಹೇಳಿ ಬಂದಿದೀನಿ."