ಸದ್ದು ನಮ್ಮ ಹೆಸರಿನಲ್ಲಿ, ಸಂಬಳ ಅವರ ಹೆಸರಿನಲ್ಲಿ

2025ರ ಮಾರ್ಚ್ 21ರಂದು ಕರ್ನಾಟಕದ ವಿಧಾನಸಭೆಯಲ್ಲಿ ನಡೆದುದನ್ನು ಈ ನಾಡಿನ ಮತದಾರರು ಅಷ್ಟು ಸುಲಭವಾಗಿ ಮರೆಯಬಾರದು. ಅಂದು ಬಜೆಟ್ ಅಧಿವೇಶನದ ಕೊನೆಯ ದಿನ. ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ, ಅಂದರೆ ಮುಸ್ಲಿಮರಿಗೆ, ಶೇ. 4 ಮೀಸಲಾತಿ ನೀಡುವ ಮಸೂದೆಯನ್ನೂ ಹನಿಟ್ರ್ಯಾಪ್ ಆರೋಪವನ್ನೂ ಮುಂದಿಟ್ಟುಕೊಂಡು ಬಿಜೆಪಿ ಸದಸ್ಯರು ಸ್ಪೀಕರ್ ಪೀಠದವರೆಗೆ ನುಗ್ಗಿದರು. ಕಾಗದಗಳನ್ನು ಹರಿದು ಸ್ಪೀಕರ್ ಯು.ಟಿ. ಖಾದರ್‌ರತ್ತ ಎಸೆದರು. 18 ಮಂದಿ ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಲಾಯಿತು. ಹೊರಹೋಗಲು ಒಪ್ಪದವರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೋದರು. ಮೂಡುಬಿದಿರೆಯ ಶಾಸಕ ಉಮಾನಾಥ ಕೋಟ್ಯಾನ್ ಕೂಡಾ ಆ ಹದಿನೆಂಟು ಮಂದಿಯಲ್ಲಿದ್ದರು.

ಅದೇ ದಿನ, ಅದೇ ಗದ್ದಲದ ನಡುವೆ ಇನ್ನೂ ಎರಡು ಮಸೂದೆಗಳು ಅಂಗೀಕಾರವಾದವು. ಅವುಗಳ ಪ್ರಕಾರ ಮುಖ್ಯಮಂತ್ರಿಯ ಮಾಸಿಕ ವೇತನ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಸಚಿವರದ್ದು 60 ಸಾವಿರದಿಂದ 1.25 ಲಕ್ಷಕ್ಕೆ, ಶಾಸಕರದ್ದು 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಮಾಜಿ ಶಾಸಕರ ಪಿಂಚಣಿ 50 ಸಾವಿರದಿಂದ 75 ಸಾವಿರವಾಯಿತು. ಭತ್ತೆಗಳು ಬೇರೆ. ಇದಕ್ಕಾಗಿ ಒಂದು ಗಂಟೆಯ ಚರ್ಚೆಯೂ ನಡೆಯಲಿಲ್ಲ. ನಮ್ಮ ಹೆಸರಿನ ಮಸೂದೆಯನ್ನು ಬಳಿಕ ರಾಜ್ಯಪಾಲರು ರಾಷ್ಟ್ರಪತಿಯವರ ಪರಿಶೀಲನೆಗೆ ಕಾದಿರಿಸಿದರು. ಶಾಸಕರ ಅಮಾನತನ್ನು ಅದೇ ಮೇ ತಿಂಗಳಲ್ಲಿ ಹಿಂದೆಗೆದುಕೊಳ್ಳಲಾಯಿತು. ಹೀಗೆ, ಸದ್ದು ಮಾತ್ರ ನಮ್ಮ ಪಾಲಿಗೆ ಉಳಿಯಿತು.

ಇದು ಕಾಂಗ್ರೆಸ್ ಸರಕಾರವೊಂದರ ದೋಷವೆಂದು ಯಾರಾದರೂ ಭಾವಿಸುವುದಾದರೆ ಅವರು ಮೂರು ವರ್ಷ ಹಿಂದಕ್ಕೆ ಹೋಗಬೇಕು. 2022ರ ಫೆಬ್ರವರಿಯಲ್ಲಿ ಅಧಿಕಾರದಲ್ಲಿದ್ದುದು ಬಿಜೆಪಿ. ರಾಷ್ಟ್ರಧ್ವಜದ ಕುರಿತು ಸಚಿವ ಈಶ್ವರಪ್ಪನವರು ಆಡಿದ ಮಾತನ್ನು ಖಂಡಿಸಿ ಕಾಂಗ್ರೆಸ್ ಸದಸ್ಯರು ಸದನದೊಳಗೆ ಅಹೋರಾತ್ರಿ ಧರಣಿ ಕುಳಿತಿದ್ದರು. ಹೊರಗೆ ನಮ್ಮ ಹೆಣ್ಣುಮಕ್ಕಳು ಶಿರವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನ ಹೊರಗೆ ನಿಂತಿದ್ದರು. ಆ ಕೋಲಾಹಲದ ನಡುವೆಯೇ ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ವೇತನ ಹೆಚ್ಚಳದ ಮಸೂದೆಗಳು ಚರ್ಚೆಯಿಲ್ಲದೆ ಪಾಸಾದವು. ಅಂದು ಆಳುವವರು ಬಿಜೆಪಿ, ಕೂಗುವವರು ಕಾಂಗ್ರೆಸ್. ಇಂದು ಆಳುವವರು ಕಾಂಗ್ರೆಸ್, ಕೂಗುವವರು ಬಿಜೆಪಿ. ಪಾತ್ರಧಾರಿಗಳು ವೇಷ ಬದಲಾಯಿಸಿಕೊಂಡರು, ಪ್ರಸಂಗ ಮಾತ್ರ ಬದಲಾಗಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ಧ್ವಜ, ಶಿರವಸ್ತ್ರ, ಮೀಸಲಾತಿ ಮುಂತಾದ ವಿಷಯಗಳಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದ ಪಕ್ಷಗಳು ಖಜಾನೆಯ ಬಾಗಿಲಲ್ಲಿ ಮಾತ್ರ ಹೆಗಲಿಗೆ ಹೆಗಲು ಕೊಡುವುದೇಕೆ? ಉತ್ತರ ಸರಳ. ಪಕ್ಷನಿಷ್ಠೆ ಎಂಬುದು ಮತದಾರನಿಗೆ ವಿಧಿಸಲಾದ ವ್ರತವೇ ಹೊರತು ನಾಯಕನಿಗಲ್ಲ. ಕಾರ್ಯಕರ್ತನು ಊರಿನಲ್ಲಿ ನೆರೆಯವನೊಡನೆ ಮಾತು ಬಿಡಬೇಕು, ಮದುವೆಯ ಕರೆಯವನ್ನೂ ಕೊಡಬಾರದು. ನಾಯಕರು ಮಾತ್ರ ಸದನದ ಗದ್ದಲ ಮುಗಿದ ಮೇಲೆ ಒಂದೇ ಲೆಡ್ಜರಿನಲ್ಲಿ ಸಹಿ ಹಾಕಬಹುದು!

ಜನಪ್ರತಿನಿಧಿಗೆ ವೇತನವೇ ಬೇಡವೆಂಬ ವಾದ ನಮ್ಮದಲ್ಲ. ವೇತನವಿಲ್ಲದಿದ್ದರೆ ಶಾಸನಸಭೆಯು ಜಮೀನುದಾರರ ಮತ್ತು ಕಂತ್ರಾಟುದಾರರ ಕ್ಲಬ್ಬಾಗುತ್ತದೆ; ಬಡವನ ಮಗ ಅಲ್ಲಿಗೆ ಕಾಲಿಡಲಾರ. ಈ ಮಾತು ಸತ್ಯ. ಆದರೆ ಸಾವಿರಾರು ಕೋಟಿಯ ಒಡೆಯರೂ ಇರುವ ಸದನದಲ್ಲಿ ಬಡ ಶಾಸಕನ ನೆಪ ಎಷ್ಟು ಕಾಲ ನಡೆದೀತು? ಉಪಮುಖ್ಯಮಂತ್ರಿಯಾಗಿ ಆಯ್ಕೆಯಾದ ಡಿ.ಕೆ. ಶಿವಕುಮಾರ್‌ರವರು 2023ರ ಚುನಾವಣೆಯಲ್ಲಿ ಘೋಷಿಸಿಕೊಂಡ ಆಸ್ತಿಯೇ 1,400 ಕೋಟಿ ರೂಪಾಯಿಗೂ ಮಿಕ್ಕಿದ್ದು. ನಮ್ಮ ಆಕ್ಷೇಪವಿರುವುದು ಮೊತ್ತಕ್ಕಿಂತಲೂ ಹೆಚ್ಚಾಗಿ ವಿಧಾನದ ಕುರಿತು. ತನ್ನ ಕೂಲಿಯನ್ನು ತಾನೇ ನಿಗದಿಪಡಿಸುವ ಅಧಿಕಾರ ಈ ದೇಶದಲ್ಲಿ ಇನ್ನಾರಿಗಿದೆ? 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕುಳಿತರು. ಅವರು ಕೇಳಿದ್ದು ತಿಂಗಳಿಗೆ 15 ಸಾವಿರ. ನಾಲ್ಕು ದಿನಗಳ ಬಳಿಕ ಅವರಿಗೆ ಸಿಕ್ಕಿದ್ದು ಕನಿಷ್ಠ 10 ಸಾವಿರದ ಭರವಸೆ. ನಮ್ಮ ಜಿಲ್ಲೆಯ ಬೀಡಿ ಕಾರ್ಮಿಕರು ಮಜೂರಿಗೂ ತುಟ್ಟಿಭತ್ತೆಗೂ ವರ್ಷವಿಡೀ ಮೆರವಣಿಗೆ ಹೋಗಬೇಕು. ಶಾಸಕರಿಗಾದರೋ ಒಂದು ಗದ್ದಲ ಸಾಕು.

ಪ್ರಜಾಪ್ರಭುತ್ವದ ತಾಯಿಬೇರೆಂದು ಹೇಳಿಕೊಳ್ಳುವ ಬ್ರಿಟನ್ನಿನಲ್ಲಿಯೂ ಈ ರೋಗವಿತ್ತು. ಅಲ್ಲಿನ ಸಂಸದರು ಎರಡನೇ ಮನೆಯ ಹೆಸರಿನಲ್ಲಿ, ಸಾಲದ ಬಡ್ಡಿಯ ಹೆಸರಿನಲ್ಲಿ ಬಿಲ್ಲುಗಳನ್ನು ಸಲ್ಲಿಸುತ್ತಿದ್ದರು. ಒಬ್ಬರಂತೂ ತನ್ನ ಕೊಳದ ಬಾತುಕೋಳಿಗಳ ಗೂಡಿಗೂ 1,645 ಪೌಂಡಿನ ಬಿಲ್ಲು ಕೊಟ್ಟಿದ್ದರು. ಅದು ಮಂಜೂರಾಗಲಿಲ್ಲವೆಂಬುದು ಬೇರೆ ಮಾತು. ಲೆಕ್ಕ ಕೇಳಿದ್ದು ಯಾವ ವಿರೋಧ ಪಕ್ಷವೂ ಅಲ್ಲ. ಹೀದರ್ ಬ್ರೂಕ್ ಎಂಬ ಪತ್ರಕರ್ತೆ ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಸಿ ವರ್ಷಗಟ್ಟಲೆ ಹೋರಾಡಿದರು. 2008ರಲ್ಲಿ ಹೈಕೋರ್ಟು ಲೆಕ್ಕ ಬಹಿರಂಗಪಡಿಸಬೇಕೆಂದಿತು. ಸಂಸತ್ತು ವಿಳಾಸಗಳನ್ನು ಅಳಿಸಿ ಪ್ರಕಟಿಸಲು ಸಿದ್ಧತೆ ನಡೆಸಿತು. ವಿಳಾಸ ಅಳಿಸಿದರೆ ಯಾರು ಯಾವ ಮನೆಗೆ ಹಣ ಪಡೆದರೆಂಬುದು ತಿಳಿಯುವುದಾದರೂ ಹೇಗೆ? ಅಷ್ಟರಲ್ಲಿ, 2009ರ ಮೇ ತಿಂಗಳಲ್ಲಿ, ಡೈಲಿ ಟೆಲಿಗ್ರಾಫ್ ಪತ್ರಿಕೆಗೆ ಇಡೀ ಕಡತ ದೊರೆಯಿತು. ದಿನಕ್ಕೊಂದು ಪಕ್ಷದ ಬಣ್ಣ ಬಯಲಾಯಿತು. ಸ್ಪೀಕರ್ ಮೈಕೆಲ್ ಮಾರ್ಟಿನ್ ರಾಜೀನಾಮೆ ನೀಡಬೇಕಾಯಿತು. 1695ರ ಬಳಿಕ ಅಲ್ಲಿ ಸ್ಪೀಕರನ್ನು ಹಾಗೆ ಕೆಳಗಿಳಿಸಿದ್ದು ಅದೇ ಮೊದಲು. 2011ರಲ್ಲಿ ನಾಲ್ವರು ಮಾಜಿ ಸಂಸದರು ಜೈಲು ಸೇರಿದರು. ನಾಲ್ವರೂ ಹಗರಣ ಹೊರಬಂದಾಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷದವರು. ಸಂಸದರು ತಮ್ಮ ಭತ್ತೆಯನ್ನು ತಾವೇ ನಿರ್ಧರಿಸುವ ಪದ್ಧತಿ ಕೊನೆಗೊಂಡು ಸ್ವತಂತ್ರ ಪ್ರಾಧಿಕಾರವೊಂದು ಅಸ್ತಿತ್ವಕ್ಕೆ ಬಂತು.

ನಮ್ಮ ಸಮುದಾಯಕ್ಕೆ ಸಂಬಂಧಿಸಿದ ಪಾಠವೊಂದೂ ಅಲ್ಲಿದೆ. ಬ್ರಿಟಿಷ್ ಮೇಲ್ಮನೆಯ ಪ್ರಥಮ ಮುಸ್ಲಿಮ್ ಮಹಿಳೆಯೆಂದು 1998ರಲ್ಲಿ ಸಂಭ್ರಮದಿಂದ ಸ್ವಾಗತಿಸಲ್ಪಟ್ಟ ಪೋಲಾ ಉದ್ದೀನ್‌ರ ವಿರುದ್ಧವೂ ಮನೆಭತ್ತೆಯ ದೂರು ಬಂತು. ಕ್ರಿಮಿನಲ್ ಮೊಕದ್ದಮೆ ಹೂಡದಿರಲು ಅಭಿಯೋಜಕರು ನಿರ್ಧರಿಸಿದರಾದರೂ 2010ರಲ್ಲಿ ಮೇಲ್ಮನೆಯು ಅವರನ್ನು ಅಮಾನತುಗೊಳಿಸಿ 1,25,349 ಪೌಂಡ್ ಹಿಂತಿರುಗಿಸಬೇಕೆಂದು ಹೇಳಿತು. ನಮ್ಮವರು ಉನ್ನತ ಸ್ಥಾನಕ್ಕೇರುವುದು ಹೆಮ್ಮೆಯ ವಿಷಯವೇ. ಆದರೆ ಆ ಹೆಮ್ಮೆ ಲೆಕ್ಕಪತ್ರಕ್ಕೆ ಹೊದಿಸುವ ಚಾದರವಾಗಬಾರದು.

ಬ್ರಿಟನ್ ಆ ಬಳಿಕ ಶುದ್ಧವಾಯಿತೆಂದು ನಾವು ಹೇಳುವುದಿಲ್ಲ. 2021ರ ನವೆಂಬರಿನಲ್ಲಿ ಹಣ ಪಡೆದು ಕಂಪೆನಿಗಳ ಪರ ವಕಾಲತ್ತು ವಹಿಸಿದ ಓವನ್ ಪ್ಯಾಟರ್ಸನ್ ಎಂಬ ಸಂಸದನನ್ನು 30 ದಿನಗಳ ಅಮಾನತಿನಿಂದ ಪಾರುಮಾಡಲು ಕನ್ಸರ್ವೇಟಿವ್ ಸರಕಾರವು ತನ್ನ ಸದಸ್ಯರಿಗೆ ವಿಪ್ ಹೊರಡಿಸಿತು. ಪಕ್ಷನಿಷ್ಠೆಯ ಹೆಸರಿನಲ್ಲಿ ಬಹುಮತವೂ ಸಿಕ್ಕಿತು. ಆದರೆ ಜನಾಕ್ರೋಶಕ್ಕೆ ಮಣಿದು ಮರುದಿನವೇ ಸರಕಾರ ಹಿಂದೆ ಸರಿಯಿತು, ಪ್ಯಾಟರ್ಸನ್ ರಾಜೀನಾಮೆಯಿತ್ತರು. ಡಿಸೆಂಬರಿನ ಉಪಚುನಾವಣೆಯಲ್ಲಿ, ತಲೆತಲಾಂತರಗಳಿಂದ ಆ ಪಕ್ಷದ ಭದ್ರಕೋಟೆಯಾಗಿದ್ದ ನಾರ್ತ್ ಶ್ರಾಪ್‌ಶೈರ್ ಕೈತಪ್ಪಿತು. ಕೋಟೆಯನ್ನು ಒಡೆದವರು ಹೊರಗಿನವರಲ್ಲ, ಅಷ್ಟು ಕಾಲವೂ ಅದೇ ಪಕ್ಷಕ್ಕೆ ಮತ ನೀಡುತ್ತಾ ಬಂದವರು. ಅಲ್ಲಿನವರಿಂದ ಕಲಿಯಬೇಕಾದುದು ಇದೊಂದನ್ನೇ.

ನಮ್ಮಲ್ಲಿ ಏನಾಗುತ್ತದೆ? ಕಳೆದ ದಶಕದ ನಡುವಿನಲ್ಲಿ ನಮ್ಮ ವಿಧಾನ ಪರಿಷತ್ತಿನ ಕೆಲವು ಸದಸ್ಯರ ಮೇಲೆ ವಿಚಿತ್ರ ಆರೋಪವೊಂದು ಬಂತು. ಬೆಂಗಳೂರಿನ ಮೇಯರ್ ಚುನಾವಣೆಯಲ್ಲಿ ಮತ ಹಾಕಲು ಅವರು ಬೆಂಗಳೂರಿನ ನಿವಾಸಿಗಳು. ಪ್ರಯಾಣಭತ್ತೆ ಪಡೆಯಲು ದೂರದ ಜಿಲ್ಲೆಗಳ ನಿವಾಸಿಗಳು! ಬ್ರಿಟನ್ನಿನ ಎರಡನೇ ಮನೆಯ ವಿದ್ಯೆಗೂ ಇದಕ್ಕೂ ಎಷ್ಟು ಅಂತರ? ಅಲ್ಲಿ ಅದು ದೇಶವನ್ನೇ ಅಲುಗಾಡಿಸಿತು. ಇಲ್ಲಿ ಅದು ಪಕ್ಷಗಳ ನಡುವಿನ ಕೆಸರೆರಚಾಟವಾಗಿ, ಬಳಿಕ ಮೌನವಾಗಿ ಕರಗಿತು.

ಇನ್ನು ನಿಷ್ಠೆಯ ಮಾತು. 2019ರ ಜುಲೈಯಲ್ಲಿ 17 ಮಂದಿ ಶಾಸಕರು ಕಾಂಗ್ರೆಸ್-ಜನತಾದಳ ಸಮ್ಮಿಶ್ರ ಸರಕಾರದ ಕೈಬಿಟ್ಟರು. ಹಲವರು ಮುಂಬೈಯ ಹೋಟೆಲಿನಲ್ಲಿ ವಾರಗಟ್ಟಲೆ ತಂಗಿದರು. ಸರಕಾರ ಉರುಳಿತು. ಸ್ಪೀಕರ್ ರಮೇಶ್ ಕುಮಾರ್‌ರವರು 17 ಮಂದಿಯನ್ನೂ ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಉಪಚುನಾವಣೆಗೆ ನಿಲ್ಲಲು ಅವಕಾಶ ನೀಡಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಮತದಾನ ನಡೆದು 12ರಲ್ಲಿ ಬಿಜೆಪಿ ಗೆದ್ದಿತು. ಜಾತ್ಯತೀತತೆಯ ಹೆಸರಿನಲ್ಲಿ ಮತ ಪಡೆದವರು ಎದುರಾಳಿ ಸರಕಾರದ ಸಚಿವರಾದರು. ಆ ಹೋಟೆಲಿನ ಬಿಲ್ಲನ್ನು ಯಾರು ತೆತ್ತರೆಂದು ಮತದಾರರಿಗೆ ಯಾರಾದರೂ ರಶೀದಿ ತೋರಿಸಿದರೇ? ಕಾಂಗ್ರೆಸ್ ಕೂಡಾ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. 2017ರಲ್ಲಿ ಗುಜರಾತಿನ ತನ್ನ ಶಾಸಕರನ್ನು ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಿ ಬಚ್ಚಿಟ್ಟಿದ್ದು ಅದೇ ಪಕ್ಷ. ಕಾವಲು ಹಾಕಿ ಕಾಪಾಡಬೇಕಾದ ನಿಷ್ಠೆಗೆ ನಿಷ್ಠೆಯೆಂಬ ಹೆಸರೇಕೆ? ಆ ಹದಿನೇಳು ಮಂದಿಯಲ್ಲಿ ನಮ್ಮ ಸಮುದಾಯದ ರೋಷನ್ ಬೇಗ್ ಕೂಡಾ ಇದ್ದರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಅಂದು ಕಾಂಗ್ರೆಸ್ ತೊರೆದ ಬೈರತಿ ಬಸವರಾಜ್ ಮತ್ತು ಮುನಿರತ್ನ 2025ರಲ್ಲಿ ಅಮಾನತಾದ 18 ಬಿಜೆಪಿ ಶಾಸಕರಲ್ಲಿದ್ದರೆಂಬುದನ್ನೂ ಓದುಗರು ಗಮನಿಸಬೇಕು.

ಹಾಗೆಂದು ಪಕ್ಷ ಬದಲಿಸುವುದೇ ಅಪರಾಧವಲ್ಲ. ನಮ್ಮ ನೆರೆಯ ಬೆಳ್ತಂಗಡಿಯಲ್ಲಿ ದಿವಂಗತ ವಸಂತ ಬಂಗೇರರು ಬಿಜೆಪಿ, ಜನತಾದಳ, ಕಾಂಗ್ರೆಸ್ ಹೀಗೆ ಮೂರು ಚಿಹ್ನೆಗಳಲ್ಲಿ ಸಾರ್ವತ್ರಿಕ ಚುನಾವಣೆಗಳನ್ನು ಗೆದ್ದವರು. ಪ್ರತಿ ಬಾರಿಯೂ ಹೊಸ ಚಿಹ್ನೆ ಹಿಡಿದು ಮತದಾರರ ಮುಂದೆ ನಿಂತವರನ್ನು ಮತದಾರರೇ ಅಳೆಯುತ್ತಾರೆ. ಪಡೆದ ಮತವನ್ನು ಅವಧಿಯ ನಡುವೆ ಹರಾಜಿಗಿಡುವುದು ಮಾತ್ರ ವಿಶ್ವಾಸದ್ರೋಹ. ಮತವು ಒಂದು ಅಮಾನತ್. ಅಮಾನತನ್ನು ಇಟ್ಟುಕೊಂಡವನಿಗೆ ಮಾರುವ ಹಕ್ಕಿಲ್ಲ.

ನಮ್ಮ ಓದುಗರಿಗೆ ಇಲ್ಲಿ ಕಟುಸತ್ಯವೊಂದನ್ನು ಹೇಳಬೇಕಾಗಿದೆ. ಲೆಕ್ಕ ಕೇಳದಿರುವ ವಿಷಯದಲ್ಲಿ ನಮ್ಮ ಸಮುದಾಯ ಎಲ್ಲರಿಗಿಂತ ಮುಂದಿದೆ. "ಈಗ ಪ್ರಶ್ನಿಸಿದರೆ ಅವರು ಬಂದುಬಿಡುತ್ತಾರೆ" ಎಂಬ ಒಂದೇ ಮಾತಿನಿಂದ ನಮ್ಮ ಬಾಯಿಗೆ ಬೀಗ ಬೀಳುತ್ತದೆ. ಆ ಭಯ ಆಧಾರರಹಿತವೆಂದು ನಾವು ಹೇಳುತ್ತಿಲ್ಲ. ಕರಾವಳಿಯಲ್ಲಿ ಬದುಕುವವರಿಗೆ ಅದರ ಕಾರಣಗಳನ್ನು ವಿವರಿಸಬೇಕಾಗಿಲ್ಲ. ಆದರೆ ಭಯದಿಂದ ನೀಡಿದ ಮತಕ್ಕೆ ಬೆಲೆಯಿಲ್ಲ. ಹೇಗೂ ತನಗೇ ಬೀಳುವ ಮತಕ್ಕಾಗಿ ಯಾವ ಪಕ್ಷವೂ ಬೆವರು ಸುರಿಸುವುದಿಲ್ಲ. ಮೌನದಿಂದ ನಾವು ಕಾಪಾಡಿದ್ದಾದರೂ ಏನನ್ನು? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕ್ಷೇತ್ರಗಳು 2013ರಲ್ಲಿ ಕಾಂಗ್ರೆಸ್ ಪಾಲಾದವು. 2018ರಲ್ಲೂ 2023ರಲ್ಲೂ ಮೂರೂ ಬಿಜೆಪಿಯ ಪಾಲಾದವು. ಅಂದು ನಮ್ಮವರೆಂದು ಕೇಳಲಿಲ್ಲ, ಇಂದು ನಮ್ಮವರಲ್ಲವೆಂದು ಕೇಳುವುದಿಲ್ಲ. ಹಾಗಾದರೆ ಕೇಳುವುದು ಯಾವಾಗ?

ಈ ಮೂರೂ ಪೇಟೆಗಳ ನಡುವೆ ವಾಮದಪದವು ಇದೆ. ಅಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ, ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಆರೋಗ್ಯ ಕೇಂದ್ರಕ್ಕೆ ಮಂಜೂರಾದ ವೈದ್ಯರ ಹುದ್ದೆಗಳೆಷ್ಟು, ಭರ್ತಿಯಾದವು ಎಷ್ಟು? ಕಾಲೇಜಿನಲ್ಲಿ ಖಾಯಂ ಉಪನ್ಯಾಸಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು? ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೆಂದು ಪ್ರತಿ ಕ್ಷೇತ್ರಕ್ಕೆ ವರ್ಷಕ್ಕೆ ನಿಗದಿಯಾದ 2 ಕೋಟಿ ರೂಪಾಯಿಯಲ್ಲಿ ಈ ಊರಿನ ಸುತ್ತಮುತ್ತ ಯಾವ ಕಾಮಗಾರಿ ನಡೆಯಿತು? ಇವು ಕಾಂಗ್ರೆಸಿನ ಪ್ರಶ್ನೆಗಳೂ ಅಲ್ಲ, ಬಿಜೆಪಿಯ ಪ್ರಶ್ನೆಗಳೂ ಅಲ್ಲ. ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಮಗುವನ್ನೆತ್ತಿಕೊಂಡು ಕಾಯುವ ತಾಯಂದಿರು ಧರ್ಮ ನೋಡಿ ಸಾಲು ನಿಲ್ಲುವುದಿಲ್ಲ. ಆದ್ದರಿಂದಲೇ ಇಂತಹ ಪ್ರಶ್ನೆಗಳನ್ನು ನೆರೆಯ ಹಿಂದೂ, ಕ್ರೈಸ್ತ ಕುಟುಂಬಗಳೊಡನೆ ಸೇರಿ ಕೇಳಬಹುದು. ನಮ್ಮನ್ನು ಒಡೆದಿಡುವ ಗದ್ದಲಕ್ಕೆ ಇದಕ್ಕಿಂತ ಉತ್ತಮ ಉತ್ತರವಿಲ್ಲ.

ದಾರಿಯೂ ಕಷ್ಟದ್ದಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಜಾರಿಯಲ್ಲಿದೆ. ಅರ್ಜಿಯ ಶುಲ್ಕ 10 ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಗ್ರಾಮ ಪಂಚಾಯತಿನಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ, ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಲೆಕ್ಕ ಓದುವಾಗ ಕುರ್ಚಿಗಳು ಖಾಲಿಯಾಗಿದ್ದರೆ ತಪ್ಪು ಓದುವವನದ್ದು ಮಾತ್ರವಲ್ಲ. ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ. ಹೀಗಿರುವಾಗ ಪಕ್ಷನಿಷ್ಠೆಯನ್ನು ಬದಿಗಿಟ್ಟು ಪ್ರಶ್ನಿಸುವ ಅಭ್ಯಾಸವನ್ನು ಆರಂಭಿಸಲು ಅದಕ್ಕಿಂತ ಉತ್ತಮ ಸ್ಥಳ ಯಾವುದಿದೆ?

ಲೆಕ್ಕ ಕೇಳುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಮಸೀದಿ ಕಮಿಟಿಯ ವಾರ್ಷಿಕ ಮಹಾಸಭೆಯಲ್ಲಿ ಕೋಶಾಧಿಕಾರಿಯು ಜಮಾ-ಖರ್ಚು ಓದುವಾಗ ನಾವು ಎಷ್ಟು ಎಚ್ಚರದಿಂದಿರುತ್ತೇವೆ! ಸುಣ್ಣಬಣ್ಣಕ್ಕೆ ಇಷ್ಟೇಕೆ, ಬಲ್ಬಿಗೆ ಅಷ್ಟೇಕೆ ಎಂದು ಎದ್ದು ನಿಂತು ಕೇಳುವವರು ಪ್ರತಿ ಜಮಾಅತಿನಲ್ಲೂ ಇದ್ದಾರೆ. ಯಾವ ಸಂಬಳವೂ ಇಲ್ಲದೆ ದುಡಿಯುವ ಕೋಶಾಧಿಕಾರಿ ನೂರು ರೂಪಾಯಿಗೆ ವೋಚರ್ ತೋರಿಸಬೇಕು. ತಿಂಗಳಿಗೆ 80 ಸಾವಿರ ಸಂಬಳ, ಅದರ ಮೇಲೆ ಭತ್ತೆ, ಬಳಿಕ ಆಜೀವ ಪಿಂಚಣಿ ಪಡೆಯುವವರಿಗೆ ಮಾತ್ರ ನಾವು ಹೂಹಾರ ಹಾಕಿ ಕಳುಹಿಸುತ್ತೇವೆ. ಇದು ಯಾವ ನ್ಯಾಯ?

ಮುಂದಿನ ಚುನಾವಣೆಯಲ್ಲಿ ಮತ ಯಾಚಿಸಿ ಮನೆಗೆ ಬರುವವರಿಗೆ, ಅವರ ಶಾಲು ಯಾವ ಬಣ್ಣದ್ದೇ ಆಗಿರಲಿ, ಚಹಾ ಕೊಡೋಣ, ಗೌರವದಿಂದ ಕುಳ್ಳಿರಿಸೋಣ. ಬಳಿಕ ಮೂರು ಪ್ರಶ್ನೆ ಕೇಳೋಣ: ವೇತನ ಹೆಚ್ಚಳದ ದಿನ ನಿಮ್ಮ ಪಕ್ಷ ಯಾವ ಕಡೆಗಿತ್ತು? ಶಾಸಕರ ವೇತನ-ಭತ್ತೆಗಳನ್ನು ನಿರ್ಧರಿಸಲು ಶಾಸಕರಲ್ಲದವರ ಸ್ವತಂತ್ರ ಆಯೋಗ ಬೇಕೆಂದು ಸದನದಲ್ಲಿ ಹೇಳುವಿರಾ? ನಮ್ಮ ಮತವನ್ನು ಐದು ವರ್ಷ ಕಾಪಾಡುವಿರಾ, ರೆಸಾರ್ಟಿಗೆ ಒಯ್ಯುವಿರಾ? ಉತ್ತರ ಕೊಡುವವರಿಗೆ ಮತ ಕೊಡೋಣ. ಉತ್ತರದ ಬದಲಿಗೆ ಎದುರು ಪಕ್ಷದ ಭಯವನ್ನು ತೋರಿಸುವವರಿಗೆ, ಅವರು ನಮ್ಮವರೇ ಆಗಿದ್ದರೂ, ಗೇಟಿನವರೆಗೆ ದಾರಿ ತೋರಿಸೋಣ.