ಸೀಟಿ ಊದುವ ತನಕ ಆಟಗಾರರನ್ನು ಅವರ ಪಾಡಿಗೆ ಬಿಡೋಣ

ಊರಿನ ಕಬಡ್ಡಿ ಪಂದ್ಯಗಳ ವರದಿಗೆ ಹೋದಾಗಲೆಲ್ಲ ನಾವು ಆಟಕ್ಕೆ ಮುಂಚಿನ ಅರ್ಧ ಗಂಟೆಯನ್ನೂ ನೋಡುತ್ತೇವೆ. ಹುಡುಗರ ಸುತ್ತ ಊರೇ ನೆರೆದಿರುತ್ತದೆ. ‘ಊರ ಮರ್ಯಾದೆ ನಿಮ್ಮ ಕೈಲಿದೆ ಕಣ್ರೋ’ ಅಂತ ಒಬ್ಬರು, ‘ಹೋದ ವರ್ಷದ ಹಂಗೆ ಮಾಡಬ್ಯಾಡ್ರಪ್ಪಾ’ ಅಂತ ಇನ್ನೊಬ್ಬರು. ಎಲ್ಲ ಪ್ರೀತಿಯ ಮಾತೇ. ಆದರೆ ಕೇಳಿಸಿಕೊಂಡ ಹುಡುಗರ ಭುಜ ಬಿಗಿಯುತ್ತದೆ, ಉಸಿರು ಏರುತ್ತದೆ.

ಕಬಡ್ಡಿ ಉಸಿರಿನ ಆಟ. ಒಂದು ರೈಡಿಗೆ 30 ಸೆಕೆಂಡು. ಅಷ್ಟೂ ಹೊತ್ತು ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಎದುರಾಳಿಗಳನ್ನು ಮುಟ್ಟಿ ವಾಪಸ್ ಬರಬೇಕು. ಗಾಬರಿಯಾದರೆ ಮೊದಲು ಕೆಡುವುದೇ ಉಸಿರು.

ಇನ್ನೊಂದು ತೊಂದರೆ ವೇದಿಕೆಯದು. ಹುಡುಗರು ಮೈ ಬಿಸಿ ಮಾಡಿಕೊಂಡು ಕಾಯುತ್ತಿರುತ್ತಾರೆ. ಅತಿಥಿಗಳು ತಡವಾಗಿ ಬರುತ್ತಾರೆ. ಆಮೇಲೆ ಹಾರ, ಶಾಲು, ಭಾಷಣ. ಅಷ್ಟರಲ್ಲಿ ಮೈ ತಣ್ಣಗಾಗಿರುತ್ತದೆ. ಹಾಗೇ ಅಂಕಣಕ್ಕೆ ಇಳಿದರೆ ಸ್ನಾಯು ಎಳೆಯುತ್ತದೆ, ಮಂಡಿಗೆ ಪೆಟ್ಟಾಗುತ್ತದೆ. ಕೂಲಿ ಮಾಡಿಕೊಂಡು ಆಡುವ ಹುಡುಗನ ಮಂಡಿ ಹೋದರೆ ತಿಂಗಳುಗಟ್ಟಲೆ ದುಡಿಮೆಯೂ ಹೋಗುತ್ತದೆ.

ಇದನ್ನು ಸರಿಮಾಡಲು ಖರ್ಚೇನೂ ಇಲ್ಲ. ಭಾಷಣ, ಸನ್ಮಾನಗಳನ್ನು ಬಹುಮಾನ ಕೊಡುವ ಹೊತ್ತಿಗೆ ಇಟ್ಟುಕೊಳ್ಳಿ. ಕಡೆಯ ಅರ್ಧ ಗಂಟೆ ತಂಡದ ಹತ್ತಿರ ಕೋಚ್ ಒಬ್ಬರೇ ಇರಲಿ, ಅವರೂ ಹೊಸ ಪಟ್ಟು ಹೇಳಿಕೊಡುವುದು ಬೇಡ. ನಿಧಾನದ ಓಟ, ಕೈಕಾಲು ಸಡಿಲಿಸುವುದು, ಮೂಗಿನಿಂದ ಉಸಿರೆಳೆದು ಬಾಯಿಂದ ಉದ್ದಕ್ಕೆ ಬಿಡುವುದು, ನಾಲ್ಕು ತಮಾಷೆ ಮಾತು ಸಾಕು.

ಎದೆ ಸ್ವಲ್ಪ ಡವಡವ ಅಂದರೆ ಅನ್ನಲಿ, ಮೈ ಆಟಕ್ಕೆ ತಯಾರಾಗುವುದೇ ಹಾಗೆ. ಊರ ಮರ್ಯಾದೆಯ ಮೂಟೆಯನ್ನು ಮಾತ್ರ ಅವರ ಹೆಗಲಿಗೆ ಹೊರಿಸುವುದು ಬೇಡ. ಸೀಟಿ ಊದಿದ ಮೇಲೆ ಗಂಟಲು ಹರಿಯುವ ಹಾಗೆ ಕೂಗೋಣ.